ಒಂಬತ್ತನೇ ಕಲಮು ಹಸಿರಾದದ್ದು

ಫೆಬ್ರವರಿ 6, ಬೆಳಗ್ಗೆ

ಮತ್ತೆ ಅದೇ ಕೋಷ್ಟಕ. ಎಡಕ್ಕೆ ನಮ್ಮ ಸ್ಪರ್ಧಾ ಕಾಯ್ದೆ, ಬಲಕ್ಕೆ ನಾವೂ ಸೇರಿರುವ ಹಲವು ದೇಶಗಳ ವ್ಯಾಪಾರ ಒಕ್ಕೂಟದ ಮಾದರಿ ಕಾಯ್ದೆ. ತಾಳೆಯಾದರೆ ಹಸಿರು, ಇಲ್ಲದಿದ್ದರೆ ಕೆಂಪು. ಹನ್ನೆರಡು ವರ್ಷ ಕಾನೂನಿನ ಕರಡು ಬರೆದವಳಿಗೆ ಈಗ ಬಣ್ಣ ಹಚ್ಚುವ ಕೆಲಸ. ಉಳಿದ ಕೆಂಪು ಒಂದೇ — ಒಂಬತ್ತನೇ ಕಲಮು. ಸಣ್ಣ ಉತ್ಪಾದಕರು ಕೂಡಿ ಬೆಲೆ ನಿಗದಿ ಮಾಡಿಕೊಂಡರೆ ಅಪರಾಧವಲ್ಲ ಎನ್ನುವುದು. ಉಳಿಸಿಕೊಳ್ಳಬಹುದು, ತಿಂಗಳ ಕೊನೆಯೊಳಗೆ ಒಕ್ಕೂಟಕ್ಕೆ ಕಾರಣ ಬರೆದು ಕೊಡಬೇಕು.

ಫೆಬ್ರವರಿ 10

ಕಾರಣ ಬರೆಯಲು ಕೂತೆ. ಮೊದಲು ನೆನಪಾದದ್ದು ಅಣ್ಣನ ಐಸ್ ಫ್ಯಾಕ್ಟರಿ. ಬಂದರಿನಲ್ಲಿ ಅಂಥವು ಏಳು. ತಿಂಗಳಿಗೊಮ್ಮೆ ಸೇರಿ ಐಸಿನ ಬೆಲೆ ಗೊತ್ತು ಮಾಡುತ್ತಾರೆ. ಇಲ್ಲದಿದ್ದರೆ ದೊಡ್ಡ ಕೋಲ್ಡ್ ಸ್ಟೋರೇಜ್ ಕಂಪನಿ ಒಬ್ಬೊಬ್ಬರನ್ನೇ ನುಂಗಿಹಾಕುತ್ತದೆ. ಆ ಸಭೆಗೆ ಅಣ್ಣನೇ ಕಾರ್ಯದರ್ಶಿ. ಎರಡು ಪುಟ ಬರೆದೆ. ಓದಿ ನೋಡಿದರೆ ಅಣ್ಣನ ಪರ ವಕಾಲತ್ತಿನ ಹಾಗಿತ್ತು... ನಾಳೆ ಯಾರಾದರೂ ಕೆದಕಿದರೆ? ಹರಿದು ಹಾಕಿದೆ.

ಫೆಬ್ರವರಿ 27, ಸಂಜೆ 4

ನಿರ್ದೇಶಕರು ಕೋಷ್ಟಕ ನೋಡಿದರು. "ಇದೊಂದು ಕೆಂಪು ಯಾಕ್ರೀ? ಪೂರ್ತಿ ಹಸಿರು ಮಾಡಿದ ಮೊದಲ ದೇಶ ನಮ್ಮದೇ ಆಗುತ್ತೆ. ಇದು ಹೋದ್ರೆ ಯಾರಾದ್ರೂ ಅಳ್ತಾರಾ?"

"ಯಾರೂ ಇಲ್ಲ ಸರ್" ಎಂದೆ. ಪುಕ್ಕಲುತನಕ್ಕೆ ಪ್ರಾಮಾಣಿಕತೆ ಎಂದು ಹೆಸರಿಟ್ಟುಕೊಂಡು ನನ್ನ ಕೈಯಾರೆ ಡಿಲೀಟ್ ಮಾಡಿದೆ. ಸಾಲು ಹಸಿರಾಯಿತು. ಎಲ್ಲರಿಗೂ ಕಾಫಿ ಬಂತು.

ಸೆಪ್ಟೆಂಬರ್ 1

ಹೊಸ ಕಾಯ್ದೆ ಜಾರಿ. ಒಕ್ಕೂಟದಿಂದ ಅಭಿನಂದನಾ ಪತ್ರ, ನಿರ್ದೇಶಕರ ಹೆಸರಿಗೆ. ಸಭೆ ನಿಲ್ಲಿಸು ಎಂದು ಅಣ್ಣನಿಗೆ ಹೇಳಬೇಕು. ಹೇಳಿದರೆ, ಆ ಕಲಮು ತೆಗೆದವರು ಯಾರು ಎಂದು ಕೇಳುತ್ತಾನೆ. ನಾಳೆ ಫೋನ್ ಮಾಡುತ್ತೇನೆ.

ನವೆಂಬರ್ 18

ಮಾಡಲಿಲ್ಲ.

ಸಿಮೆಂಟ್ ಕಂಪನಿಗಳ ಕೇಸು ಮುಚ್ಚಿದರು. ನಾಲ್ಕೂ ಒಂದೇ ದಿನ ಒಂದೇ ಬೆಲೆ ಏರಿಸಿದ್ದವು. ಸಾಕ್ಷಿಗೆ ಕಾಗದದ ಚೂರೂ ಸಿಗಲಿಲ್ಲ. ತನಿಖಾಧಿಕಾರಿ ಮಾತ್ರ ಖುಷಿಯಲ್ಲಿದ್ದ.

"ಬೇರೊಂದು ಸಿಕ್ಕಿದೆ ಮೇಡಂ, ಬಂದರಿನ ಐಸಿನವರು. ಬೆಲೆ ಗೊತ್ತು ಮಾಡಿ, ನೋಟ್‌ಬುಕ್ಕಲ್ಲಿ ಬರೆದು, ಏಳೂ ಜನ ಸೈನ್ ಹಾಕಿದ್ದಾರೆ. ಇಂಥ ಪೆದ್ದರನ್ನ ನಾನು ನೋಡೇ ಇಲ್ಲ."

ಪುಟ ತೋರಿಸಿದ. ಅಣ್ಣನ ಗುಂಡು ಅಕ್ಷರ. ಅವನು ನಕ್ಕ, ನಾನೂ ನಕ್ಕೆ. ನನ್ನ ಮುಖಕ್ಕಿಷ್ಟು. ಕಳ್ಳರಾಗಿದ್ದರೆ ಬರೆದಿಡುತ್ತಿದ್ದರೇ?

ನವೆಂಬರ್ 23, ಭಾನುವಾರ

ಅಣ್ಣ ನೋಟಿಸು ಹಿಡಿದು ಬಂದ. ಅತ್ತಿಗೆಯೂ ಬಂದಳು. ಮಷಿನ್ ಮಾರಿದರೂ ದಂಡಕ್ಕೆ ಸಾಲದು.

"ಸಣ್ಣವರಿಗೆ ಒಂಬತ್ತನೇ ಕಲಮು ಇದೆ ಅಂತ ನೀನೇ ಹೇಳಿದ್ದೆ."

"ತೆಗೆದುಬಿಟ್ಟಿದ್ದಾರೆ."

"ಯಾರು?"

"ಆಫೀಸಿನವರು."

"ನಿನಗೆ ಗುರುತಿರೋರಾ? ನಾಳೆ ಬರ್ತೀನಿ, ದೂರದಿಂದ ತೋರಿಸು ಸಾಕು. ಕಾಲು ಹಿಡಿದಾದ್ರೂ ಕೇಳ್ತೀನಿ."

ಅತ್ತಿಗೆ ನನ್ನನ್ನೇ ನೋಡುತ್ತಿದ್ದಳು. ನೀರು ತರುವ ನೆಪದಲ್ಲಿ ಎದ್ದು ಹೋದೆ.

ನವೆಂಬರ್ 24, ಬೆಳಗ್ಗೆ 10.20

ರಿಸೆಪ್ಷನ್‌ನಿಂದ ಫೋನ್. "ನಿಮ್ಮಣ್ಣ ಬಂದಿದ್ದಾರೆ ಮೇಡಂ. ಯಾರನ್ನ ನೋಡ್ಬೇಕು ಅಂದ್ರೆ, ತಂಗೀನ ಕೇಳಿ ಅಂತಾರೆ. ರಿಜಿಸ್ಟರಲ್ಲಿ ಯಾರ ಹೆಸರು ಬರೀಲಿ?"

ನನ್ನದೇ ಬರಿ ಎಂದೆ. ಹತ್ತಿ ಬರುತ್ತಿದ್ದಾನೆ. ಅವನು ಇನ್ಯಾರದೋ ಕಾಲು ಹಿಡಿಯುವ ಮೊದಲು ನಾನು —