ಎರಡು ಸಂಬಳದ ಮನೆ

ತಾರ್ನಾಕ, ಹೈದರಾಬಾದ್
16 ಜೂನ್ 2005

ಬ್ಯಾಂಕ್ ಮ್ಯಾನೇಜರ್ ಅವರಿಗೆ,

ನಾನು ಶಿವದೇವಿ, ರೈಲ್ವೆ ಗಾರ್ಡ್ ಆಗಿದ್ದ ದಿವಂಗತ ಸಿದ್ದರಾಮಪ್ಪನವರ ಹೆಂಡತಿ. ಮೆಟ್ರಿಕ್ ಪಾಸಾಗಿದ್ದೇನೆ, ಈ ಮನೆಗೆ ಹಿರಿಯಳು. ಲಿಂಗಂಪಲ್ಲಿಯ ಫ್ಲಾಟಿಗಾಗಿ ಮಗ ಚೇತನಕುಮಾರ ಹಾಕಿದ ಸಾಲದ ಅರ್ಜಿಯಲ್ಲಿ ನನ್ನ ಸಹಿಯೂ ಇದೆ.

ಸೋಮವಾರ, ನಿಮ್ಮಂತೆಯೇ ಕನ್ನಡದವರಾದ ನಿಮ್ಮ ಅಧಿಕಾರಿ ಮನೆಗೆ ಬಂದಿದ್ದರು. ಮಗನ ಸಂಬಳವೊಂದೇ ಸಾಲದು, ಸೊಸೆಯದೂ ಬೇಕು ಎಂದರು. ಅಲ್ಲಿಯವರೆಗೆ ಸರಿ. ಆಮೇಲೆ, "ಬಾಣಂತನ ಗೀಣಂತನ ಅಂತ ನೌಕರಿ ಬಿಡೂದಿಲ್ಲಲ್ರಿ?" ಎಂದು ಕೇಳಿದರು.

"ಐದು ವರ್ಷ ಆ ಮಾತೇ ಇಲ್ರಿ ಸಾಹೇಬ್ರ" ಎಂದ ನನ್ನ ಮಗ.

ಆಗ ಅವರಿಗೆ ಚಹಾ ಕೊಡುತ್ತಿದ್ದ ಸೊಸೆ ಸ್ನೇಹಲತಾಗೆ ಬಸಿರಾಗಿ ಎರಡೂವರೆ ತಿಂಗಳಾಗಿತ್ತು. ಅದು ಅವನಿಗೂ ಗೊತ್ತಿತ್ತು. ನಿಮ್ಮವರು ಹೋದ ಮೇಲೆ ಅವಳಿಗೆ, "ಮನಿ ಕೈ ತಪ್ಪತೈತಿ, ಡಾಕ್ಟರ್ ಕಡೆ ಹೋಗಿ ಬಂದುಬಿಡೂಣು" ಎಂದ. ಅವಳು ನನ್ನ ಮುಖ ನೋಡಿದಳು.

ಹುಟ್ಟುವ ಕೂಸು ನಿಮ್ಮ ಕಂತು ತೀರುವ ತನಕ ಕಾಯಬೇಕೇನು? ಇಂಥ ಪ್ರಶ್ನೆ ಕೇಳಲು ನಿಮ್ಮವರಿಗೆ ಕಲಿಸಿದವರಾರು? ಮಗನಿಗೆ ಹೇಳಬೇಕಾದ್ದನ್ನು ನಾನು ಹೇಳಿಯಾಗಿದೆ.

ಈ ಪತ್ರದ ಮೂಲಕ ನನ್ನ ಸಹಿಯನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ಕಾಗದಪತ್ರಗಳನ್ನು ಅಂಚೆಯಲ್ಲಿ ಕಳಿಸಿರಿ. ಬಿಲ್ಡರನಿಗೆ ಕೊಟ್ಟಿದ್ದ ನನ್ನ ಮುಂಗಡವನ್ನು ನಿನ್ನೆ ವಾಪಸ್ ತಂದೆ. ಬಾಣಂತಿಗೆ ಬೇರೆ ಕೋಣೆ ಬೇಕಾಗುವುದರಿಂದ, ಮಗನ ಸಂಬಳವೊಂದರಲ್ಲೇ ನಡೆಯುವಂಥ ಬಾಡಿಗೆ ಮನೆಯನ್ನು ಇದೇ ಓಣಿಯಲ್ಲಿ ಹಿಡಿದು, ಕರಾರಿಗೆ ಇಂದು ಬೆಳಿಗ್ಗೆ ಸಹಿ ಹಾಕಿದ್ದೇನೆ.

ಇತಿ,
ಶಿವದೇವಿ ಸಿದ್ದರಾಮಪ್ಪ