ಕಂಬಿಯ ಎಡಗಡೆಯ ಜಾಗ

ಥಾರ್ಪ್‌ಲೀ, ಯಾರ್ಕ್‌ಷೈರ್
೫ ಮೇ ೧೯೮೫, ಭಾನುವಾರ

ಪ್ರೀತಿಯ ಕ್ಲೈವ್,

ಮೇಲಿನ 'ಪ್ರೀತಿಯ' ನಿಮ್ಮಮ್ಮ ಬರೆಸಿದ್ದು. ಬೆನ್ನ ಹಿಂದೆಯೇ ನಿಂತಿದ್ದಾಳೆ. ನೀನು, ಮಾರೀನ್, ಮಗು ಡೀನ್ ಆರೋಗ್ಯವಾಗಿದ್ದೀರಾ? ಕೊವೆಂಟ್ರಿಯ ಕಾರು ಕಾರ್ಖಾನೆ ನಿನ್ನ ಎದೆಗೆ ಒಗ್ಗಿದೆಯಂತೆ, ಒಳ್ಳೆಯದು. ನನ್ನ ಕೆಮ್ಮು ಹಾಗೇ ಇದೆ. ಮುಷ್ಕರ ಸೋತು, ಮಾರ್ಚ್‌ನಲ್ಲಿ ಬ್ಯಾಂಡು ಬಾರಿಸಿಕೊಂಡು ಕಲ್ಲಿದ್ದಲು ಗಣಿಗೆ ವಾಪಸಾದೆವು. ಸೋತವರಿಗೆ ಬ್ಯಾಂಡು ಬೇರೆ ಕೇಡು.

ನಮ್ಮ ಟೌನ್ ಫುಟ್‌ಬಾಲ್ ತಂಡ ನಾಲ್ಕನೇ ಡಿವಿಷನ್ನಿನಿಂದ ಮೂರನೆಯದಕ್ಕೆ ಏರಿದ್ದನ್ನು ಪೇಪರಿನಲ್ಲಿ ನೋಡಿರುತ್ತೀ. ವರ್ಷವಿಡೀ ಸಂಬಳವಿಲ್ಲದಿದ್ದರೂ ನಾನು ಊರಿನ ಮೈದಾನದ ಒಂದು ಆಟವನ್ನೂ ತಪ್ಪಿಸಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಅಂತ ನಿಮ್ಮಮ್ಮ ಹಂಗಿಸುತ್ತಲೇ ಇದ್ದಳು. ನವೆಂಬರಿನಲ್ಲಿ ನೀನು ಮುಷ್ಕರ ಮುರಿದು, ಕಿಟಕಿಗೆ ಜಾಲರಿ ಹಾಕಿದ ಬಸ್ಸು ಹತ್ತಿ, ಪೊಲೀಸರ ಕಾವಲಿನಲ್ಲಿ ಕೆಲಸಕ್ಕೆ ಹೋದೆ. ಮಗುವಿಗೆ ಚಳಿ ಅಂದೆ. ಊರಿನ ಯಾವ ಮಗುವಿಗೆ ಚಳಿ ಇರಲಿಲ್ಲ? ಆ ಶನಿವಾರ ಏನೂ ಆಗದವನಂತೆ ಮೈದಾನಕ್ಕೆ ಬಂದು, ಕಂಬಿಯ ಬಳಿ ನನ್ನ ಎಡಗಡೆ, ನಿನ್ನ ಎಂದಿನ ಜಾಗದಲ್ಲಿ ನಿಂತೆ. ನಮ್ಮ ಗಣಿಯ ಹೊರೇಸ್ ನನಗೆ "ಏನೋ ವಿಲ್ಫ್, ಇಲ್ಲೇನೋ ನಾತ ಹೊಡೀತಿದೆಯಲ್ಲೋ" ಅಂತ ಪಕ್ಕಕ್ಕೆ ಸರಿದ. ಸುತ್ತಲಿನವರೆಲ್ಲ ಸರಿದರು. ನಾನೂ ಸರಿದೆ. ಮತ್ತೆ ಅಂಥ ದಿನ ಬಂದರೆ ಮತ್ತೆ ಸರಿಯುತ್ತೇನೆ. ನೀನು ಕೊನೆಯ ಸೀಟಿಯವರೆಗೂ ಒಬ್ಬನೇ ನಿಂತಿದ್ದೆ, ಆ ವಾರವೇ ಮನೆ ಖಾಲಿ ಮಾಡಿದೆ.

ನಿನ್ನೆ ಕೊನೆಯ ಆಟ. ಕಾಲಿಡಲು ಜಾಗವಿಲ್ಲ, ಜನ ದೀಪದ ಕಂಬ ಹತ್ತಿದ್ದರು. ನಿನ್ನ ಜಾಗ ಮಾತ್ರ ಖಾಲಿ. ಗೊತ್ತಿಲ್ಲದವನೊಬ್ಬ ನುಗ್ಗಿದರೆ ಹೊರೇಸ್ "ಅಲ್ಲಿ ನಿಲ್ಬೇಡ ಮಾರಾಯ, ಅಲ್ಲಿ ನಿಂತಿದ್ದೋನು ಊರನ್ನೇ ಮಾರ್ಕೊಂಡ" ಅಂದ. ಆಟ ಮುಗಿಯುವ ಹೊತ್ತಿಗೆ ನಮ್ಮವರು ಗೋಲು ಹೊಡೆದರು. ಎಲ್ಲರೂ ಪಕ್ಕದವರನ್ನು ತಬ್ಬಿಕೊಂಡರು. ನಾನು ಅಭ್ಯಾಸಬಲದಿಂದ ಎಡಕ್ಕೆ ತಿರುಗಿ ಎರಡೂ ಕೈ ಚಾಚಿದೆ. ಹೊರೇಸ್ ನೋಡಿಬಿಟ್ಟ. ಇಷ್ಟು ವರ್ಷ ಕಾದ ಗೆಲುವನ್ನು ನೀನು ನನ್ನ ಬಾಯಲ್ಲಿ ಕಹಿ ಮಾಡಿದೆ, ಅದನ್ನು ನಾನು ಮರೆಯುವುದಿಲ್ಲ.

ಮಾರೀನ್‌ಗೆ ನಿಮ್ಮಮ್ಮನ ಆಶೀರ್ವಾದ. ಡೀನ್‌ಗೆ ನಮ್ಮಿಬ್ಬರ ಮುತ್ತು.

ಇಂತಿ,
ನಿನ್ನ ಅಪ್ಪ
ವಿಲ್ಫ್ರೆಡ್

ತಾ.ಕ.: ನಿಮ್ಮಮ್ಮ ಲಕೋಟೆ ತರಲು ಹೋಗಿದ್ದಾಳೆ, ಬೇಗ ಬರೆಯುತ್ತೇನೆ. ಚಿಕ್ಕವನಿದ್ದಾಗ ಕಂಬಿಯ ಮೇಲಿಂದ ಆಟ ಕಾಣಲೆಂದು ನೀನು ಹತ್ತಿ ನಿಲ್ಲುತ್ತಿದ್ದ ಮರದ ಪೆಟ್ಟಿಗೆ ಇನ್ನೂ ಇದೆ. ಚಳಿಗಾಲದಲ್ಲಿ ಬೇಲಿಯನ್ನೂ ಶೆಡ್ಡಿನ ಬಾಗಿಲನ್ನೂ ಒಲೆಗೆ ಹಾಕಿದೆವು, ಅದನ್ನು ಹಾಕಲಿಲ್ಲ. ಆಗಸ್ಟಿನಲ್ಲಿ ಹೊಸ ಆಟಗಳು ಶುರುವಾದಾಗ ಡೀನ್‌ನನ್ನು ಕಳಿಸು. ಅವನು ಯಾರಿಗೂ ಏನೂ ಮಾಡಿಲ್ಲ, ಆ ಜಾಗದಲ್ಲಿ ಅವನು ನಿಲ್ಲಲಿ. ಬೇಡ ಅನ್ನುವವನು ನನ್ನ ಹತ್ತಿರ ಮಾತಾಡಲಿ. ಅವನನ್ನು ನಿನ್ನ ಕೈಯಿಂದ ಇಳಿಸಿಕೊಳ್ಳಲು ಸ್ಟೇಷನ್ನಿಗೆ ನಾನೇ ಬರುತ್ತೇನೆ. ನೀನು ರೈಲಿನಿಂದ ಇಳಿಯಬೇಡ.