ನೋಡಿದವನು ಹೇಳಿದ್ದು

ದೋಣಿ ಆಫೀಸು, ಸರೋವರದ ದಡ
ಮಾರ್ಚ್ ೩, ಬೆಳಗಿನ ಹತ್ತು ಗಂಟೆ

ಪ್ರೀತಿಯ ತಂಗಿಗೆ, ಅಂದರೆ ನಮ್ಮ ಮನೆಯ ಪ್ರಶ್ನೆಪತ್ರಿಕೆಗೆ,

ಕರ್ತನ ಕೃಪೆ ನಿನ್ನ ಮೇಲಿರಲಿ. ಬೆನ್ನುನೋವು ಹೇಗಿದೆ? ಪರೀಕ್ಷೆಗೆಂದು ಕಲ್ಲಿನ ಮೂಟೆ ಹೊತ್ತು ಬೆಟ್ಟ ಇಳಿಯುವವರಿಗೆ ಬೆನ್ನು ನೋಯದೆ ಹಲ್ಲು ನೋಯುತ್ತದೆಯೇ? ಇಲ್ಲಿ ಅಮ್ಮನ ಮಂಡಿ ಹಾಗೇ ಇದೆ, ಬಾಯಿಯೂ ಹಾಗೇ ಇದೆ. ಅಪ್ಪನ ಗಂಟಲು ಮಾತ್ರ ಕಟ್ಟಿದೆ. ಅದನ್ನು ಆಮೇಲೆ ಹೇಳುತ್ತೇನೆ. ನೀನು ಒಮ್ಮೆ ಬರಬೇಕು, ಅಪ್ಪನ ದೋಣಿ ಹತ್ತಬೇಕು. ಪತ್ರ ಬರೆದದ್ದೇ ಅದಕ್ಕೆ.

ದೋಣಿಯ ತಳದ ನೀರು ಮೊಗೆಯುತ್ತಿದ್ದ ನಾನು ಈಗ ಮೂರು ದೋಣಿಗಳ ಯಜಮಾನ. ಆದರೂ ಪ್ರವಾಸಿಗರ ಬೆಳಗಿನ ಮೊದಲ ಸುತ್ತು ಅಪ್ಪನದೇ, ಅದರಲ್ಲಿ ನಾನಿನ್ನೂ ಎಂಜಿನ್ ಕಾಯುವವನೇ. ಸರೋವರದ ನಡುವೆ ಕೈ ಎತ್ತುತ್ತಾರೆ, ಎಂಜಿನ್ ಆರಿಸುತ್ತೇನೆ, ಕಥೆ ಶುರು. ಜಲಪ್ರಳಯ ಇಳಿದ ಮೇಲೂ ಭೂಮಿಯ ಹೊಟ್ಟೆಯೊಳಗಿನ ಕುದಿ ಆರಿರಲಿಲ್ಲ. ಪಾತಾಳದ ಸೆಲೆಗಳು ಒಡೆದ ಗಾಯ ಇನ್ನೂ ಹಸಿಯಾಗಿತ್ತು. ಇಲ್ಲಿದ್ದ ಬೆಟ್ಟ ಬೆಂಕಿ ಕಾರಿ ಕಾರಿ, ಒಡಲು ಬರಿದಾಗಿ, ಒಂದೇ ದಿನದಲ್ಲಿ ತಲೆ ಒಳಕ್ಕೆ ಕುಸಿದು ಬಟ್ಟಲಾಯಿತು. ಬೆಂಕಿ ಕೆತ್ತಿದ ಆ ಬಟ್ಟಲಿಗೆ ಕರ್ತನು ಮಳೆಯಿಂದ ನೀರು ತುಂಬಿದ. ಇದಾಗಿ ನಾಲ್ಕು ಸಾವಿರ ವರ್ಷ, ಅದಕ್ಕಿಂತ ಒಂದು ದಿನವೂ ಹೆಚ್ಚಿಲ್ಲ. ಇಷ್ಟು ಹೇಳಿ ನಿಲ್ಲಿಸುತ್ತಾರೆ.

ಆ ನಿಲುಗಡೆ ನಿನ್ನದು. ಏಳು ವರ್ಷದ ನೀನು ದೊಗಳೆ ಲೈಫ್ ಜಾಕೆಟ್ಟಿನೊಳಗಿಂದ ಆಮೆಯ ಹಾಗೆ ಕತ್ತು ಚಾಚಿ, “ಅಪ್ಪಾ, ನೀವು ನೋಡಿದ್ರಾ?” ಅನ್ನುತ್ತಿದ್ದೆ. ಅಪ್ಪ ಆಕಾಶದ ಕಡೆ ಗಡ್ಡ ಎತ್ತಿ, “ನಾನಿಲ್ಲ ಮಗಳೇ, ನೋಡಿದವನು ಹೇಳಿದ,” ಅನ್ನುತ್ತಿದ್ದರು. ದೋಣಿಗೆ ದೋಣಿಯೇ ನಗುತ್ತಿತ್ತು. ಎಂಟು ಬೇಸಿಗೆ, ದಿನಕ್ಕೆ ನಾಲ್ಕು ಸುತ್ತು. ನೀನು ಒಂದು ಸಲವೂ ಕೇಳುವುದು ಬಿಡಲಿಲ್ಲ, ಅವರು ಒಂದು ಸಲವೂ ಬೇಸರಿಸಲಿಲ್ಲ. ಸುತ್ತು ಮುಗಿದ ಮೇಲೆ ದಡದ ಒದ್ದೆ ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕೂತು ಇಬ್ಬರೂ ಒಂದು ಕಿತ್ತಳೆ ಹಂಚಿಕೊಳ್ಳುತ್ತಿದ್ದಿರಿ. ನನಗೆ ಸಿಪ್ಪೆ.

ಭೂವಿಜ್ಞಾನ ಓದಲು ಹೋದ ಕಾಲೇಜಿನಿಂದ ಬಂದ ಆ ರಜೆಯಲ್ಲಿ, ಅಪ್ಪ ಕಥೆ ನಿಲ್ಲಿಸುವ ಅದೇ ಜಾಗದಲ್ಲಿ, ದೋಣಿ ತುಂಬ ಜನರೆದುರು ನೀನು “ನಾಲ್ಕಲ್ಲ, ಹನ್ನೆರಡು ಸಾವಿರ ವರ್ಷ” ಅಂದೆ. ಅಪ್ಪ ಮೆಲ್ಲಗೆ, “ನೀನು ನೋಡಿದ್ಯೇನಮ್ಮಾ?” ಅಂದರು. “ಕಲ್ಲು ನೋಡಿದೆ,” ಅಂದೆ. ಅವತ್ತು ಯಾರೂ ನಗಲಿಲ್ಲ. ಸಂಜೆಯ ಬಸ್ಸಿಗೆ ಹೊರಟವಳು, ಹನ್ನೊಂದು ವರ್ಷವಾಯಿತು. ನನ್ನ ನಂಬಿಕೆ ಅಪ್ಪನದೇ, ಮುಚ್ಚಿಡುವುದಿಲ್ಲ. ಆದರೆ ಬೆಟ್ಟ ಒಂದೇ ದಿನದಲ್ಲಿ ಕುಸಿಯಿತು ಅಂತ ನೀನು ಬಿಟ್ಟುಹೋದ ಪುಸ್ತಕದಲ್ಲೂ ಇದೆ, ಕದ್ದು ಓದಿದ್ದೇನೆ. ಹಾಗಾದರೆ ನಿಮ್ಮ ಜಗಳವೆಲ್ಲ ಬರೀ ತಾರೀಖಿನದು.

ಈಗಲೂ ಅವರು ಅಲ್ಲೇ ನಿಲ್ಲಿಸುತ್ತಾರೆ. ಯಾರೂ ಕೇಳುವುದಿಲ್ಲ. ಮೊದಲೆಲ್ಲ ಮೂರು ಉಸಿರಿನಷ್ಟು ಕಾಯುತ್ತಿದ್ದರು. ಈಗ ಹದಿನಾಲ್ಕು, ಎಣಿಸಿದ್ದೇನೆ. ಆಮೇಲೆ ಯಾರೂ ಕೇಳದ ಪ್ರಶ್ನೆಗೆ, “ನಾನಿಲ್ಲ ಮಗಳೇ,” ಅಂದುಬಿಡುತ್ತಾರೆ. ಜನ ಮುಖ ಮುಖ ನೋಡಿಕೊಳ್ಳುತ್ತಾರೆ. ಒಂದು ದಿನ ತಡೆಯಲಾರದೆ ನಾನೇ ಕೇಳಿದೆ. “ನೀನು ಎಂಜಿನ್ ನೋಡ್ಕೋ,” ಅಂದರು.

ಅಮ್ಮನ ಆಶೀರ್ವಾದ. ನಿನ್ನ ಅತ್ತಿಗೆ ಹಾಸಿಗೆ ಬಿಸಿಲಿಗೆ ಹಾಕಿದ್ದಾಳೆ. ಸಭೆಯವರು ಪ್ರಾರ್ಥನೆಯಲ್ಲಿ ನಿನ್ನನ್ನು ನೆನೆಯುತ್ತಾರೆ, ಪಾಸ್ಟರು ಸ್ವಲ್ಪ ಜೋರಾಗಿಯೇ.

ಇಂತಿ,
ನಿನ್ನ ಸಿಪ್ಪೆ ಅಣ್ಣ

ವಿ.ಸೂ.: ಮರೆತದ್ದಲ್ಲ, ಕೈ ಬಾರದೆ ಇಲ್ಲಿಗೆ ತಳ್ಳಿದ್ದು. ಅಪ್ಪನ ಗಂಟಲಲ್ಲಿ ಗಂಟು. ಹದಿನೆಂಟನೇ ತಾರೀಖು ಆಪರೇಷನ್. ಜೀವಕ್ಕೆ ಭಯವಿಲ್ಲ, ಧ್ವನಿಪೆಟ್ಟಿಗೆ ಮಾತ್ರ ಉಳಿಯುವುದಿಲ್ಲ ಅಂದರು ಡಾಕ್ಟರು. ಹದಿನೇಳರ ಬೆಳಗಿನ ಸುತ್ತೇ ಕೊನೆಯದು. ಮುಂದಿನ ಸೀಟು ಯಾರಿಗೂ ಕೊಟ್ಟಿಲ್ಲ. “ಅವಳು ಬಂದರೂ ನಿಮ್ಮ ಮಾತು ಒಪ್ಪುತ್ತಾಳೋ ಇಲ್ಲವೋ,” ಅಂದೆ ಅಪ್ಪನಿಗೆ. “ಒಪ್ಪೋದು ಯಾಕೋ? ಕೇಳಿದ್ರೆ ಸಾಕು,” ಅಂದರು.